ಕೀಷೋನ್ ಹೊಳೆಯ ಕೆಸರು: ಬೈಬಲ್ ನಾಡಿನ ಅಧ್ಯಯನ ಪ್ರವಾಸಗಳನ್ನು ಕುರಿತು



ಮಂಗಳೂರು, ಬೆಂಗಳೂರುಗಳಿಂದ ಪವಿತ್ರ ನಾಡಿಗೆ ಯಾತ್ರೆ ಹೊರಡುವ ಗುಂಪುಗಳನ್ನು ನೀವೆಲ್ಲ ಬಲ್ಲಿರಿ. ನಿಮ್ಮ ಮನೆಗಳಿಂದಲೂ ಯಾರಾದರೂ ಹೋಗಿ ಬಂದಿರಬಹುದು. ಅಮ್ಮಾನಿನಲ್ಲಿ ಇಳಿದು, ನೆಬೋ ಬೆಟ್ಟ ಹತ್ತಿ, ಯೊರ್ದನ್ ದಾಟಿ, ಬೆತ್ಲೆಹೇಮ್, ಯೆರೂಸಲೇಮ್, ಗಲಿಲಾಯಗಳನ್ನು ಕಂಡು, ಸೀನಾಯ್ ಮೂಲಕ ಕೈರೋ ತಲುಪಿ ವಿಮಾನ ಹತ್ತುವ ಹತ್ತು ಹನ್ನೆರಡು ದಿನಗಳ ಪಯಣ ಅದು. ಜೀವಮಾನವಿಡೀ ಕೂಡಿಟ್ಟ ಹಣದಲ್ಲಿ, ಮಂಡಿನೋವನ್ನೂ ಲೆಕ್ಕಿಸದೆ ಹೋಗಿಬರುವ ಹಿರಿಯರ ಭಕ್ತಿಗೆ ನಾನು ತಲೆಬಾಗುತ್ತೇನೆ. ಇಂದು ನಾನು ಮಾತಾಡಬೇಕೆಂದಿರುವುದು ಅದೇ ನಾಡಿಗೆ ಬೇರೊಂದು ಉದ್ದೇಶದಿಂದ ಹೋಗುವವರ ಬಗ್ಗೆ. ಎರಡು ಮೂರು ವಾರಗಳ ಮಟ್ಟಿಗೆ ನಕ್ಷೆ, ಗ್ರಂಥ, ನೋಟ್‌ಬುಕ್ ಹಿಡಿದು, ಚರಿತ್ರೆ ನಡೆದ ನೆಲವನ್ನೇ ಪಾಠಶಾಲೆ ಮಾಡಿಕೊಳ್ಳುವ ಅಧ್ಯಯನ ಪ್ರವಾಸಗಳ ಬಗ್ಗೆ. ನಮ್ಮ ಚರಿತ್ರೆಯ, ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಅವಕಾಶ ಸಿಗಬೇಕೆಂಬುದು ನನ್ನ ಬಹುಕಾಲದ ಆಸೆ. ಅಷ್ಟು ದೂರ ಹೋಗಿ ಮೂರೇ ವಾರದಲ್ಲಿ ಏನು ಕಲಿತಾರು ಎಂದು ಕೇಳುವವರಿದ್ದಾರೆ. ಬೇಕಾದಷ್ಟು ಕಲಿಯಬಹುದು ಎನ್ನುವುದು ನನ್ನ ಉತ್ತರ. ಷರತ್ತು ಒಂದೇ: ನಾವು ಮನೆಯಲ್ಲಿ ಕೂತು ಓದಿಕೊಂಡದ್ದನ್ನು ಆ ನೆಲ ತಿದ್ದುವುದಕ್ಕೆ ಅವಕಾಶ ಕೊಡಬೇಕು.

ಈ ಬಗೆಯ ಕಲಿಕೆಗೆ ಸಾಕಷ್ಟು ಹಳೆಯ ಪರಂಪರೆಯಿದೆ. 1838ರಲ್ಲಿ ಅಮೆರಿಕದ ವಿದ್ವಾಂಸ ಎಡ್ವರ್ಡ್ ರಾಬಿನ್ಸನ್, ಅರಬ್ಬಿ ಚೆನ್ನಾಗಿ ಬಲ್ಲ ಮಿಷನರಿ ಈಲೈ ಸ್ಮಿತ್ ಜೊತೆಗೂಡಿ ಆ ನಾಡನ್ನು ಸುತ್ತಿದರು. ಹಳ್ಳಿಗರು ತಮ್ಮ ಊರನ್ನು, ದಿಬ್ಬವನ್ನು, ಒರತೆಯನ್ನು ಏನೆಂದು ಕರೆಯುತ್ತಾರೆಂದು ಕೇಳುತ್ತಾ ಹೋಗಿ, ಅರಬ್ಬಿ ಊರುಹೆಸರುಗಳಲ್ಲಿ ಉಳಿದುಕೊಂಡಿದ್ದ ಹಳೆಯ ಊರುಗಳನ್ನು ಒಂದೊಂದಾಗಿ ಗುರುತಿಸಿದರು. ಸೇಲೂನ್ ಎಂಬಲ್ಲಿ ಶೀಲೋ ಸಿಕ್ಕಿತು, ಬೇತೀನ್ ಎಂಬಲ್ಲಿ ಬೇತೇಲ್. 1890ರಲ್ಲಿ ಡೊಮಿನಿಕನ್ ಪಾದ್ರಿ ಲಗ್ರಾಂಜ್ ಯೆರೂಸಲೇಮಿನಲ್ಲಿ ಎಕೋಲ್ ಬಿಬ್ಲಿಕ್ ಆರಂಭಿಸಿದರು. 1900ರಲ್ಲಿ ಜರ್ಮನ್ ಪ್ರೊಟೆಸ್ಟಂಟರ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕ ಗುಸ್ತಾಫ್ ದಾಲ್ಮಾನ್ ಜರ್ಮನಿಯಿಂದ ಬಂದ ಯುವ ಪಾದ್ರಿಗಳನ್ನು ಕುದುರೆಗಳ ಮೇಲೆ ಕರೆದುಕೊಂಡು ಹೋಗಿ ಪಾಠ ಮಾಡುತ್ತಿದ್ದರು. ಪಾಳುಬಿದ್ದ ಗೋಡೆಗಳಿಗೆ ಕೊಟ್ಟಷ್ಟೇ ಗಮನ ಕೊಟ್ಟು ಅವರು ಪ್ಯಾಲೆಸ್ತೀನಿನ ರೈತರ ಬೇಸಾಯವನ್ನೂ ಕಲಿತರು. ನೇಗಿಲು, ಬಿತ್ತನೆ, ಕಣ, ರೊಟ್ಟಿ, ನೇಯ್ಗೆ, ಹೈನು ಇವನ್ನೆಲ್ಲ ದಾಖಲಿಸಿದ ಅವರ ಸಂಪುಟಗಳು 1928ರಿಂದ 1942ರವರೆಗೆ ಹೊರಬಂದವು. ನನ್ನ ಮಟ್ಟಿಗೆ ಅಧ್ಯಯನ ಪ್ರವಾಸಕ್ಕೆ ಗುರು ಎಂದರೆ ದಾಲ್ಮಾನ್. 1957ರಲ್ಲಿ ಶುರುವಾಗಿ ಈಗ ಜೆರುಸಲೇಮ್ ಯೂನಿವರ್ಸಿಟಿ ಕಾಲೇಜ್ ಎಂಬ ಹೆಸರಿರುವ ಸಂಸ್ಥೆಯಲ್ಲಿ ಎರಡು ಮೂರು ವಾರಗಳ ಕೋರ್ಸುಗಳಿವೆ. ಅಲ್ಲಿಗೆ ಹೋಗುವ ವಿದ್ಯಾರ್ಥಿ ಊರು ಬಿಡುವ ಮೊದಲೇ ನಕ್ಷೆಗಳ ಮೇಲೆ ದಾರಿ, ಹೊಳೆ, ಊರು, ಯುದ್ಧಗಳನ್ನು ಬಣ್ಣದ ಪೆನ್ಸಿಲ್ಲಿನಲ್ಲಿ ತಾನೇ ಗುರುತು ಮಾಡಿಕೊಂಡಿರಬೇಕು. ವಿಮಾನ ಇಳಿಯುವ ಹೊತ್ತಿಗೆ ಆ ನಾಡು ಅವನ ಬೆರಳುಗಳಿಗೆ ಗೊತ್ತಿರುತ್ತದೆ.

ನೆಲ ಓದನ್ನು ತಿದ್ದುತ್ತದೆ ಎಂದೆನಲ್ಲ, ಅದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆ ಕೀಷೋನ್ ಹೊಳೆ. ನ್ಯಾಯಸ್ಥಾಪಕರು ಗ್ರಂಥದ ನಾಲ್ಕನೆಯ ಅಧ್ಯಾಯ ನೆನಪು ಮಾಡಿಕೊಳ್ಳಿ. ಕಾನಾನ್ಯರ ಸೇನಾಪತಿ ಸೀಸೆರನ ಬಳಿ 900 ಕಬ್ಬಿಣದ ರಥಗಳು. ಪ್ರವಾದಿನಿ ದೆಬೋರಳ ಮಾತು ಕೇಳಿ ತಾಬೋರ್ ಬೆಟ್ಟದಿಂದ ಇಳಿದು ಬಂದ ಇಸ್ರಾಯೇಲ್ಯರ ಬಾರಾಕನ ಕಡೆಯವರು ಕಾಲಾಳುಗಳು. ಬಯಲಲ್ಲಿ ರಥಕ್ಕೆದುರು ಕಾಲಾಳು ನಿಲ್ಲುವುದುಂಟೇ? ಆದರೂ ಸೀಸೆರ ರಥದಿಂದಿಳಿದು ಓಡಿಹೋದ. ಓದುವವರು ಇದನ್ನು ಪವಾಡವೆಂದು ಒಪ್ಪುತ್ತಾರೆ, ಇಲ್ಲವೇ ಉತ್ಪ್ರೇಕ್ಷೆಯೆಂದು ಬಿಡುತ್ತಾರೆ. ಗದ್ಯದ ಕಥನ ಹೊಳೆಯ ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ಮುಂದಿನ ಅಧ್ಯಾಯದ ಹಾಡಿನಲ್ಲಿ ಮಾತ್ರ ಮೋಡ ಸುರಿದದ್ದು, ಹೊಳೆ ಶತ್ರುಗಳನ್ನು ಕೊಚ್ಚಿಕೊಂಡು ಹೋದದ್ದು ಬರುತ್ತದೆ. ಎರಡನ್ನೂ ಓದಿದ ವಿದ್ಯಾರ್ಥಿಯನ್ನು ಮೆಗಿದ್ದೋ ದಿಬ್ಬದ ಅಂಚಿಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕು. ಎದುರಿಗೆ ಇಜ್ರೇಲಿನ ಬಯಲು, ಆಚೆ ಬುಗುಟಿನಂತೆ ಎದ್ದ ತಾಬೋರ್, ಎಡಕ್ಕೆ ಸಮುದ್ರದ ಕಡೆ ಚಾಚಿದ ಕರ್ಮೆಲ್ ಬೆಟ್ಟಸಾಲು. ಕೀಷೋನ್ ಹೊಳೆಯನ್ನು ಕಣ್ಣಲ್ಲಿ ಹುಡುಕಿದರೂ ಸಿಗದು. ಮಳೆಯಿಲ್ಲದ ತಿಂಗಳುಗಳಲ್ಲಿ ಅದು ಅಷ್ಟು ಸಣ್ಣದು. ಬಯಲಿಗೆ ಇಳಿದು ಒಂದು ಹಿಡಿ ಮಣ್ಣು ತೆಗೆದುಕೊಂಡರೆ ವಿಷಯ ತಿಳಿಯುತ್ತದೆ. ಕಪ್ಪು, ಜಿಗುಟು, ಬಿಸಿಲಿಗೆ ಬಿರಿಯುವ ಮಣ್ಣು. ಧಾರವಾಡ, ಗದಗ ಸೀಮೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಮಳೆ ಹಿಡಿದ ದಿನ ಎರೆಹೊಲದಲ್ಲಿ ಸಿಕ್ಕಿಬಿದ್ದ ಚಕ್ಕಡಿಯನ್ನು ಎರಡು ಜೊತೆ ಎತ್ತು ಹೂಡಿದರೂ ಎಳೆಯಲಾಗದ್ದನ್ನು ನೀವು ಕಂಡಿದ್ದೀರಿ. ಅಂಥ ನೆಲದ ಮೇಲೆ ಅಕಾಲದಲ್ಲಿ ಮೋಡ ಒಡೆದರೆ 900 ರಥಗಳೇ ಸೀಸೆರನಿಗೆ ಭಾರವಾಗುತ್ತವೆ. ಆ ದಿನ ಮಳೆ ಬಂತೆಂದು ಮಣ್ಣು ಸಾಕ್ಷಿ ಹೇಳಲಾರದು. ಆದರೆ ಆ ಹಾಡು ಕಟ್ಟಿದವರಿಗೆ ಈ ಮಣ್ಣಿನ ಸ್ವಭಾವ ಗೊತ್ತಿತ್ತು ಎಂದು ಹೇಳುತ್ತದೆ. ಚರಿತ್ರೆಯ ವಿದ್ಯಾರ್ಥಿಗೆ ಅದೇನು ಸಣ್ಣ ವಿಷಯವಲ್ಲ.

ಇದೇ ಹೊಳೆಯ ಕೆಳಪಾತ್ರದಲ್ಲಿ, ಸಮುದ್ರ ಸೇರುವ ಹೈಫಾದ ಹತ್ತಿರ, ನಮ್ಮವರದೂ ಒಂದು ಅಧ್ಯಾಯವಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರ, ಮೈಸೂರು ಸಂಸ್ಥಾನಗಳ ಲ್ಯಾನ್ಸರ್ಸ್ ಪಡೆಗಳು ತುರ್ಕರ ಕೈಯಿಂದ ಹೈಫಾ ಊರನ್ನು ಗೆದ್ದವು. ಊರಿಗೆ ಹೋಗುವ ದಾರಿ ಒಂದು ಕಡೆ ಕರ್ಮೆಲ್ ಬೆಟ್ಟದ ಕಡಿದಾದ ಬುಡ, ಇನ್ನೊಂದು ಕಡೆ ಕೀಷೋನಿನ ಜೌಗು ಇವುಗಳ ನಡುವಿನ ಇಕ್ಕಟ್ಟಿನಲ್ಲಿತ್ತು. ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಮೆಷಿನ್‌ಗನ್ನುಗಳು. ಜೋಧಪುರದ ಸವಾರರು ಹೊಳೆ ದಾಟಲು ಮೊದಲು ಮುಂದಾದಾಗ, ನೆಲ ನೋಡಲೆಂದು ಮುಂದೆ ಹೋದವರ ಕುದುರೆಗಳು ಕುಸಿಯುವ ಮರಳಿನಲ್ಲಿ ಹೂತವು. ದಂಡು ತಕ್ಷಣ ಎಡಕ್ಕೆ ತಿರುಗಿ ಕರ್ಮೆಲಿನ ಬುಡದತ್ತ ನುಗ್ಗಬೇಕಾಯಿತು. ಅವರ ಮುಂದಾಳು ಮೇಜರ್ ದಲಪತ್ ಸಿಂಗ್ ಶೆಖಾವತ್ ಅಂದೇ ಮಡಿದರು. ಮೈಸೂರಿನ ಒಂದು ತುಕಡಿ ಬೆಟ್ಟದ ಕಡಿದಾದ ಹಾದಿ ಹಿಡಿದು ಮೇಲಿದ್ದ ಫಿರಂಗಿಗಳ ಕಡೆ ಹತ್ತಿತು. ಉಳಿದವರು ಜೋಧಪುರದವರ ಬೆನ್ನಿಗೆ ನಿಂತು ಊರು ಹೊಕ್ಕರು. ಸೀಸೆರನ ಯುದ್ಧ ನಡೆದದ್ದು ಇನ್ನೂ ಮೇಲಕ್ಕೆ, ಬಯಲಿನಲ್ಲಿ; ಜಾಗ ಬೇರೆ, ಕಾಲವಂತೂ ಬೇರೆಯೇ. ಆದರೆ ಓಡುವ ಸೈನ್ಯವನ್ನು ಈ ಹೊಳೆ ಹೇಗೆ ತಡೆದು ನಿಲ್ಲಿಸುತ್ತದೆ ಎಂಬುದು ಎರಡೂ ಕಡೆ ಒಂದೇ. ಮೊದಲ ಮಹಾಯುದ್ಧದ ಆ ದಂಡಯಾತ್ರೆಯ ಬ್ರಿಟಿಷ್ ಸೇನಾಪತಿ ಅಲೆನ್‌ಬಿ, ಜಾರ್ಜ್ ಆಡಮ್ ಸ್ಮಿತ್ 1894ರಲ್ಲಿ ಬರೆದ ಪವಿತ್ರ ನಾಡಿನ ಚಾರಿತ್ರಿಕ ಭೂಗೋಳದ ಪುಸ್ತಕವನ್ನು ಆಸಕ್ತಿಯಿಂದ ಓದುತ್ತಿದ್ದವರು. ದೆಹಲಿಯ ತೀನ್ ಮೂರ್ತಿಯಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳಿಗೆ ಒಂದೊಂದು ಪ್ರತಿಮೆಯಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ನಮ್ಮ ವಿದ್ಯಾರ್ಥಿಗಳು ಹೈಫಾಕ್ಕೆ ಹೋದಾಗ ಈ ಕಥೆಯನ್ನು ಗೈಡ್ ಹೇಳಲಿ ಎಂದು ಕಾಯಬಾರದು, ತಾವೇ ಹೇಳಬೇಕು.

ಇಳಿಜಾರು, ಮಳೆಗಳ ಪಾಠ ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ. ಮಧ್ಯೆ ಇರುವ ದೂರ 25 ಕಿಲೋಮೀಟರಿನ ಆಸುಪಾಸು. ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು ಬೆಟ್ಟದ ನೆತ್ತಿಯಲ್ಲೇ ಖಾಲಿಯಾಗುವುದರಿಂದ ಯೆರೂಸಲೇಮಿಗೆ ವರ್ಷಕ್ಕೆ 500 ಮಿಲಿಮೀಟರಿಗಿಂತ ಹೆಚ್ಚು ಮಳೆ, ಯೆರಿಕೋವಿಗೆ ಅದರ ಮೂರನೆಯ ಒಂದು ಪಾಲೂ ಇಲ್ಲ. ಅದೂ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ. ನಮ್ಮ ರೈತ ಬಿತ್ತನೆಗೆ ಹೊಲಕ್ಕಿಳಿಯುವ ಜೂನ್ ತಿಂಗಳಲ್ಲಿ ಅಲ್ಲಿ ಮುಗಿಲೇ ಇರುವುದಿಲ್ಲ. ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ ಕಳ್ಳರ ಕೈಗೆ ಸಿಕ್ಕವನು ಈ ದಾರಿಯಲ್ಲಿ ಇಳಿದು ಹೋಗುತ್ತಿದ್ದ. ಬಸ್ಸು ನಿಲ್ಲಿಸಿ, ವಾದಿ ಕೆಲ್ಟ್ ಕಮರಿಯ ಅಂಚಿನಲ್ಲಿ ಒಂದು ಗಂಟೆ ನಡೆದು ನೋಡಿದರೆ, ನೆರಳಿಲ್ಲದ, ತಿರುವಿಗೊಂದು ಮರೆಯಿರುವ ಆ ದಾರಿಯಲ್ಲಿ ಬಿದ್ದವನ ಬಳಿ ನಿಲ್ಲುವುದಕ್ಕೆ ಎಷ್ಟು ಧೈರ್ಯ ಬೇಕಿತ್ತು ಎಂದು ಅರಿವಾಗುತ್ತದೆ. ಪಕ್ಕಕ್ಕೆ ಸರಿದು ಹೋದ ಯಾಜಕನನ್ನು ನಾವು ಭಾನುವಾರದ ಪ್ರಸಂಗಗಳಲ್ಲಿ ಬಹಳ ಸುಲಭವಾಗಿ ಬೈದಿದ್ದೇವೆ.

ಇನ್ನು ಕ್ರಿ.ಪೂ. 701ರ ವಿಷಯ. ಬೈಬಲ್ ನಾಡಿನ ಇಡೀ ಚರಿತ್ರೆಯಲ್ಲಿ ಗ್ರಂಥ, ಶಾಸನ, ಶಿಲ್ಪ, ಉತ್ಖನನ ನಾಲ್ಕೂ ಒಂದೇ ಘಟನೆಯ ಮೇಲೆ ಬೆಳಕು ಚೆಲ್ಲುವ ಅಪರೂಪದ ವರ್ಷ ಅದು. ಮೂರು ವಾರಗಳಲ್ಲಿ ನಾಲ್ಕು ದಿನವನ್ನು ಇದೊಂದಕ್ಕೇ ಕೊಟ್ಟರೂ ನಾನು ಆಕ್ಷೇಪಿಸುವುದಿಲ್ಲ. ಅಶ್ಶೂರದ ಅರಸ ಸನ್ಹೇರೀಬ ದಂಡೆತ್ತಿ ಬರುವನೆಂಬ ಭಯದಲ್ಲಿ ಯೆಹೂದದ ಅರಸ ಹಿಜ್ಕೀಯ ಯೆರೂಸಲೇಮಿನ ಹೊರಗಿನ ನೀರನ್ನು ಊರೊಳಗೆ ತಿರುಗಿಸಿದನೆಂದು ಗ್ರಂಥ ಹೇಳುತ್ತದೆ. ಗೀಹೋನ್ ಒರತೆಯಿಂದ ಸಿಲೋವಾ ಕೊಳದವರೆಗೆ ಬಂಡೆಯೊಳಗೆ ಕೊರೆದ ಆ ಸುರಂಗದಲ್ಲಿ ಇಂದಿಗೂ ನೀರು ಹರಿಯುತ್ತಿದೆ, ನಾವೂ ನಡೆಯಬಹುದು. ಟಾರ್ಚ್ ಹಿಡಿದು ಇಳಿದರೆ ತಣ್ಣನೆಯ ನೀರು ಮೊದಲು ತೊಡೆಯವರೆಗೆ ಬಂದು ಆಮೇಲೆ ಮೊಣಕಾಲಿಗಿಳಿಯುತ್ತದೆ. ಇಬ್ಬರು ಅಕ್ಕಪಕ್ಕ ನಡೆಯಲಾಗದ ಅಗಲ. ತಲೆ ಬಗ್ಗಿಸಿ ಹೋಗುತ್ತಾ ಗೋಡೆಯ ಮೇಲೆ ಕೈಯಾಡಿಸಿದರೆ ಉಳಿಯ ಏಟುಗಳೆಲ್ಲ ಒಂದೇ ದಿಕ್ಕಿಗೆ ವಾಲಿರುವುದು ಬೆರಳಿಗೆ ತಿಳಿಯುತ್ತದೆ. ನಡುವೆ ಒಂದೆಡೆ ಸುರಂಗ ಆಚೀಚೆ ತಡಕಾಡಿ ತಿರುಗುತ್ತದೆ, ಅಲ್ಲಿಂದ ಮುಂದೆ ಏಟುಗಳು ಎದುರು ದಿಕ್ಕಿಗೆ ತಿರುಗುತ್ತವೆ. ಎರಡು ಕಡೆಯಿಂದ ಕೊರೆಯುತ್ತಾ ಬಂದ ಕಲ್ಲುಕುಟಿಗರು ಸಂಧಿಸಿದ್ದು ಅಲ್ಲಿ. ಉದ್ದ 533 ಮೀಟರ್, ಅಷ್ಟುದ್ದಕ್ಕೂ ನೆಲ ಇಳಿಯುವುದು ಸುಮಾರು 30 ಸೆಂಟಿಮೀಟರ್ ಮಾತ್ರ. ಆ ಕಾಲದ ಕೆಲಸಗಾರರ ಕೌಶಲಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಗೊತ್ತಿಲ್ಲ.

1880ರಲ್ಲಿ ಸುರಂಗದ ಬಾಯಿಯ ಹತ್ತಿರ ಗೋಡೆಯಲ್ಲಿ ಒಂದು ಶಾಸನ ಸಿಕ್ಕಿತು. ಆರು ಸಾಲು, ಹಳೆಯ ಹೀಬ್ರೂ ಲಿಪಿ. ಬಂಡೆಯ ಆಚೆಯಿಂದ ಇನ್ನೊಂದು ತಂಡದವರ ದನಿ ಕೇಳಿಸಿದ್ದನ್ನೂ ಕೊನೆಗೆ ಗುದ್ದಲಿಗೆ ಗುದ್ದಲಿ ತಾಗಿ ನೀರು ಹರಿದದ್ದನ್ನೂ ಅದು ದಾಖಲಿಸುತ್ತದೆ. ಅರಸನ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಕೆಲಸ ಮಾಡಿದವರ ಸಡಗರ ಮಾತ್ರ ಇದೆ. ಒಟ್ಟೊಮನ್ ಆಳ್ವಿಕೆಯ ಕಾಲವಾದ್ದರಿಂದ ಆ ಕಲ್ಲು ಇಸ್ತಾನ್‌ಬುಲ್ ಸೇರಿತು, ಈಗಲೂ ಅಲ್ಲಿಯ ಮ್ಯೂಸಿಯಮ್ಮಿನಲ್ಲಿದೆ. ಹೆಸರೇ ಇಲ್ಲದ ಮೇಲೆ ಇದು ಹಿಜ್ಕೀಯನದೆಂದು ಹೇಗೆ ಹೇಳುವುದು? ಸುರಂಗದ ಗಾರೆಯಲ್ಲಿ ಸಿಕ್ಕ ಸಸ್ಯದ ತುಣುಕುಗಳನ್ನೂ ಸುಣ್ಣದ ನಿಕ್ಷೇಪವನ್ನೂ ಪರೀಕ್ಷಿಸಿದ ವಿಜ್ಞಾನಿಗಳು 2003ರಲ್ಲಿ ಕಾಲ ಸುಮಾರು ಕ್ರಿ.ಪೂ. 700 ಎಂದರು. ಇನ್ನೂ ಹಿಂದಿನದಿರಬೇಕು ಎನ್ನುವ ಪುರಾತತ್ವಜ್ಞರೂ ಇದ್ದಾರೆ. ವಿದ್ಯಾರ್ಥಿ ಈ ವಾದವನ್ನು ಸುರಂಗದಿಂದ ಹೊರಬಂದು, ಒದ್ದೆ ಬಟ್ಟೆಯಲ್ಲೇ ಕೊಳದ ಮೆಟ್ಟಿಲ ಮೇಲೆ ಕೂತು ಕೇಳಬೇಕು.

ಅಲ್ಲಿಂದ ನೈರುತ್ಯಕ್ಕೆ ಲಾಕೀಷ್. ಅರಸುಗಳು ಗ್ರಂಥದಲ್ಲಿ ಸನ್ಹೇರೀಬ ಲಾಕೀಷಿನಲ್ಲಿದ್ದನೆಂಬ ಮಾತಿದೆ, ಊರು ಬಿದ್ದ ಕಥೆಯಿಲ್ಲ. ಸನ್ಹೇರೀಬನ ಲಿಖಿತ ವೃತ್ತಾಂತದಲ್ಲಿ 46 ಕೋಟೆಯೂರುಗಳನ್ನು ಹಿಡಿದ ಹೆಮ್ಮೆಯಿದೆ, ಲಾಕೀಷಿನ ಹೆಸರಿಲ್ಲ; ಯೆರೂಸಲೇಮನ್ನು ಹಿಡಿದೆನೆಂಬ ಮಾತೂ ಇಲ್ಲ, ಹಿಜ್ಕೀಯನನ್ನು ಅವನ ಊರೊಳಗೇ ಕೂಡಿಹಾಕಿದೆನೆಂಬುದಷ್ಟೇ ಇದೆ. ಕಪ್ಪದ ಲೆಕ್ಕದಲ್ಲಿ ಚಿನ್ನ ಎರಡೂ ಕಡೆ 30 ತಲಾಂತು. ಬೆಳ್ಳಿ ಬೈಬಲ್ಲಿನಲ್ಲಿ 300, ಅಶ್ಶೂರದವರಲ್ಲಿ 800. ಲಾಕೀಷ್ ಬಿದ್ದ ಕಥೆಯನ್ನು ಹೇಳುವುದು ನಿನೆವೆಯ ಅರಮನೆಯ ಗೋಡೆಯಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದ ಉಬ್ಬುಶಿಲ್ಪಗಳು. ಮಣ್ಣು ಕಲ್ಲು ಸುರಿದು ಮಾಡಿದ ಏರಿ, ಅದರ ಮೇಲೆ ಉರುಳುವ ಗೋಡೆಮುರುಕ ಯಂತ್ರ, ಮೇಲಿನಿಂದ ಎಸೆದ ಪಂಜು. ಆ ಏರಿ ಇಂದಿಗೂ ದಿಬ್ಬದ ಮೂಲೆಯಲ್ಲಿದೆ, ಅದರ ಮೇಲೆ ಹತ್ತಿಹೋಗಬಹುದು. ಆದರೆ ನಾನು ಪ್ರತಿಸಲ ಬಹಳ ಹೊತ್ತು ನಿಲ್ಲುವುದು ಶಿಲ್ಪದ ಬಲಭಾಗದಲ್ಲಿ. ಊರು ಬಿಟ್ಟು ಸೆರೆಹೋಗುವ ಸಂಸಾರವೊಂದು ಎತ್ತಿನ ಗಾಡಿಯಲ್ಲಿ ಗಂಟುಮೂಟೆ ಹೇರಿಕೊಂಡು ಹೊರಟಿದೆ. ಮೂಟೆಗಳ ಮೇಲೆ ಹೆಂಗಸರು, ಮಕ್ಕಳು. ಎತ್ತಿನ ಪಕ್ಕೆಲುಬು ಎಣಿಸುವಂತಿದೆ. ಅವರೆದುರು ಸಿಂಹಾಸನದಲ್ಲಿ ಕೂತ ಸನ್ಹೇರೀಬನ ಮುಖವನ್ನು ಯಾರೋ ಆ ಹಳೆಯ ಕಾಲದಲ್ಲೇ ಒಡೆದುಹಾಕಿದ್ದಾರೆ. ಹೋಗುವಾಗಲೋ ಬರುವಾಗಲೋ ಲಂಡನ್ನಿನಲ್ಲಿ ಒಂದು ದಿನ ಇಳಿಯುವಂತಾದರೆ ಲಾಕೀಷಿನ ಪಾಠ ಪೂರ್ತಿಯಾಗುತ್ತದೆ.

ಈಗ ಸ್ವಲ್ಪ ಕಷ್ಟದ ಮಾತು. ನೆಲ ಯಾವಾಗಲೂ ನಮಗೆ ಬೇಕಾದ ಸಾಕ್ಷಿಯನ್ನೇ ಹೇಳುವುದಿಲ್ಲ. ಯೆಹೋಶುವನ ಕಾಲದಲ್ಲಿ ಕುಸಿದ ಯೆರಿಕೋವಿನ ಗೋಡೆ ಸಿಕ್ಕಿತೆಂದು 1930ರ ದಶಕದಲ್ಲಿ ಜಾನ್ ಗಾರ್‌ಸ್ಟ್ಯಾಂಗ್ ಹೇಳಿದಾಗ ಬಹಳ ಜನ ಸಂತೋಷಪಟ್ಟರು. 1952ರಿಂದ 1958ರವರೆಗೆ ಅಲ್ಲೇ ಅಗೆದ ಕ್ಯಾತ್ಲೀನ್ ಕೆನ್ಯನ್, ಆ ಗೋಡೆ ಸುಮಾರು ಸಾವಿರ ವರ್ಷ ಹಿಂದಿನದೆಂದು ಪದರ ಪದರವಾಗಿ ತೋರಿಸಿಕೊಟ್ಟರು. ಯೆಹೋಶುವನದೆಂದು ಹೇಳುವ ಕಾಲದಲ್ಲಿ ಅಲ್ಲಿ ದೊಡ್ಡ ಕೋಟೆಯೂರು ಇದ್ದುದಕ್ಕೆ ಕುರುಹು ಸಿಗಲಿಲ್ಲ. ಬದಲಿಗೆ ಆಳದಲ್ಲಿ ಸಿಕ್ಕಿದ್ದು ಕ್ರಿ.ಪೂ. 8000ದ ಸುಮಾರಿನ ಕಲ್ಲಿನ ಗೋಪುರ. ಒಳಗೆ ಮೆಟ್ಟಿಲು ಬೇರೆ. ನಂಬಿಕೆಯುಳ್ಳ ವಿದ್ಯಾರ್ಥಿಯನ್ನು ಈ ಗುಂಡಿಯ ಅಂಚಿಗೆ ತಂದು ನಿಲ್ಲಿಸಿ ಈ ವಿಷಯ ಹೇಳದೆ ಮುಂದಕ್ಕೆ ಕರೆದುಕೊಂಡು ಹೋಗುವ ಪ್ರವಾಸವನ್ನು ನಾನು ಅಧ್ಯಯನ ಪ್ರವಾಸವೆಂದು ಒಪ್ಪಲಾರೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ಕೇಳಿ ನೊಂದದ್ದನ್ನು ಕಂಡಿದ್ದೇನೆ. ಆ ನೋವು ಅವರ ಓದನ್ನು ಗಟ್ಟಿ ಮಾಡಿತೇ ಹೊರತು ಕೆಡಿಸಲಿಲ್ಲ. ಚರಿತ್ರೆ ಬರೆದವರು ಯಾವ ಕಾಲದಲ್ಲಿ ನಿಂತು, ಯಾರಿಗಾಗಿ ಬರೆದರು ಎಂಬ ಪ್ರಶ್ನೆಯನ್ನು ಅವರು ಆಮೇಲೆ ಎಲ್ಲ ಗ್ರಂಥಗಳಿಗೂ ಕೇಳತೊಡಗಿದರು.

ಕಲ್ಲುಗಳಲ್ಲೇ ಮುಳುಗಿದರೆ ಆಗುವ ಇನ್ನೊಂದು ಅನ್ಯಾಯವೂ ಇದೆ. ಹಿಜ್ಕೀಯನ ಸುರಂಗದ ಮೇಲೆ ಇವತ್ತು ಸಿಲ್ವಾನ್ ಎಂಬ ಪ್ಯಾಲೆಸ್ತೀನಿಯರ ವಸತಿಯಿದೆ. ಅಲ್ಲಿಯ ಉತ್ಖನನ ತಾಣದ ಉಸ್ತುವಾರಿ ಯೆಹೂದಿ ವಸತಿಗಾರರ ಸಂಘಟನೆಯೊಂದರ ಕೈಯಲ್ಲಿದೆ. ಮೇಲಿನ ಮನೆಗಳವರು ತಮ್ಮ ಗೋಡೆ ಬಿರುಕು ಬಿಟ್ಟಿತೆಂದು, ಮನೆ ಬಿಡಬೇಕಾಗಿ ಬಂತೆಂದು ವರ್ಷಗಳಿಂದ ದೂರುತ್ತಿದ್ದಾರೆ. ಕೆಳಗೆ 2700 ವರ್ಷ ಹಳೆಯ ಕಲ್ಲುಕುಟಿಗರ ದನಿಗೆ ಕಿವಿಗೊಟ್ಟವರು ಮೇಲೆ ಬಂದು ಈಗಿನವರ ದನಿಗೆ ಕಿವಿ ಮುಚ್ಚಿಕೊಳ್ಳಬಾರದು. ಇಸ್ರೇಲಿ ಪುರಾತತ್ವಜ್ಞರ ಪಾಠವನ್ನೂ ಕೇಳಬೇಕು, ಬೆತ್ಲೆಹೇಮಿನ ಪ್ಯಾಲೆಸ್ತೀನಿ ಕ್ರೈಸ್ತ ಅಧ್ಯಾಪಕರ ಜೊತೆಯೂ ಕೂರಬೇಕು. ಯೆರಿಕೋ ದಿಬ್ಬ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಪ್ಯಾಲೆಸ್ತೀನಿನ ತಾಣವಾಗಿ ಎಂಬುದೂ ಗೊತ್ತಿರಬೇಕು. ಹಳೆಯ ಯೆರೂಸಲೇಮಿನ ಹೆರೋದನ ಬಾಗಿಲ ಬಳಿ ಒಂದು ಹಿಂದೂಸ್ತಾನಿ ಛತ್ರವಿದೆ. ಸೂಫಿ ಸಂತ ಬಾಬಾ ಫರೀದರು ಅಲ್ಲಿ ತಂಗಿದ್ದರೆಂಬ ಪರಂಪರೆಯ ಆ ಜಾಗವನ್ನು, 1924ರಲ್ಲಿ ಸಹಾರನಪುರದಿಂದ ಹೋದ ಅನ್ಸಾರಿ ಮನೆತನ ತಲೆಮಾರುಗಳಿಂದ ನೋಡಿಕೊಂಡು ಬಂದಿದೆ. ಭಾರತದಿಂದ ಹೋದವರು ಅಲ್ಲಿ ಒಂದು ಸಂಜೆ ಕಳೆಯಲಿ. ಆ ಊರಿಗೆ ನಮ್ಮ ದಾರಿಗಳು ಎಷ್ಟು ಹಳೆಯವೆಂದು ತಿಳಿಯುತ್ತದೆ.

2023ರ ಅಕ್ಟೋಬರಿನಲ್ಲಿ ಶುರುವಾದ ಯುದ್ಧದ ನಂತರ ಇಂಥ ಅನೇಕ ಪ್ರವಾಸಗಳು ರದ್ದಾದವು. ಹಾಗೆಂದು ಓದು ನಿಲ್ಲಬೇಕಿಲ್ಲ. ಟರ್ಕಿಯ ಎಫೆಸ, ಲವೊದಿಕೀಯ, ಗ್ರೀಸಿನ ಫಿಲಿಪ್ಪಿ, ಕೊರಿಂಥ ಇವೂ ಬೈಬಲ್ ನಾಡುಗಳೇ. ಲವೊದಿಕೀಯದಲ್ಲಿ ಸುಣ್ಣ ಕಟ್ಟಿ ಬಾಯಿ ಕಿರಿದಾದ ನೀರಿನ ಕೊಳವೆಗಳನ್ನು ತೋರಿಸಿ, ಹಿಯರಾಪೊಲಿಯ ಬಿಸಿನೀರು ಇಲ್ಲಿಗೆ ಬರುವಷ್ಟರಲ್ಲಿ ಉಗುರುಬೆಚ್ಚಗಾಗುತ್ತಿತ್ತೆಂದು ಹೇಳುವ ಗೈಡುಗಳಿದ್ದಾರೆ. ಕಾಲುವೆಯ ಜಾಡು ಹಿಡಿದು ಹೋದರೆ ಅದು ಬರುವುದು ಉತ್ತರದ ಹಿಯರಾಪೊಲಿಯಿಂದಲ್ಲ, ದಕ್ಷಿಣದ ಒರತೆಗಳಿಂದ. ಪ್ರಸಂಗಕ್ಕೆ ಒದಗಿಬರುವ ಕಥೆಯನ್ನು ಒಂದು ಕಾಲುವೆ ಹೇಗೆ ಪ್ರಶ್ನಿಸುತ್ತದೆ ನೋಡಿ.

ಕೊನೆಯದಾಗಿ, ಈ ಉಪನ್ಯಾಸಕ್ಕೆ ದತ್ತಿಯನ್ನಿಟ್ಟ ಕುಟುಂಬದ ಹಿರಿಯರಿಗೂ ಕಾಲೇಜಿನವರಿಗೂ ನನ್ನದೊಂದು ಬೇಡಿಕೆ. ತಂಡ ಕಳಿಸುವುದಾದರೆ ಸಣ್ಣ ತಂಡ ಕಳಿಸಿ, ಮಾರ್ಚ್ ತಿಂಗಳಲ್ಲಿ ಕಳಿಸಿ. ಮಳೆಯ ಕೊನೆಯ ದಿನಗಳವು, ಲಾಕೀಷಿನ ಸುತ್ತ ಗೋಧಿ ಹಸಿರಾಗಿರುತ್ತದೆ. ಯೆರೂಸಲೇಮ್, ಗಲಿಲಾಯ ಎರಡೇ ಕಡೆ ಬಿಡಾರ ಹೂಡಲಿ, ದಿನಕ್ಕೊಂದು ಹೋಟೆಲು ಬೇಡ. ಹೊರಡುವ ಮೊದಲು ಒಂದು ಸೆಮಿಸ್ಟರ್ ಪೂರ್ತಿ ನಕ್ಷೆಯ ಕೆಲಸ ಆಗಲಿ. ಪದರ ಓದುವುದನ್ನು ಕಲಿಯಲು ಯೆರಿಕೋವಿನವರೆಗೆ ಕಾಯಬೇಕಿಲ್ಲ. ಕೆನ್ಯನ್ ಆ ವಿದ್ಯೆಯನ್ನು ಕಲಿತದ್ದು ಇಂಗ್ಲೆಂಡಿನ ವೆರುಲೇಮಿಯಮ್ಮಿನಲ್ಲಿ, ಮಾರ್ಟಿಮರ್ ವ್ಹೀಲರ್ ಕೈಕೆಳಗೆ. ಅದೇ ವ್ಹೀಲರ್ 1947ರಲ್ಲಿ ಅದೇ ವಿಧಾನದಿಂದ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದರು. ಅಶೋಕನ ಶಾಸನವಿರುವ ಬೆಟ್ಟದ ಬುಡದಲ್ಲಿ. ಮೊಳಕಾಲ್ಮೂರಿನ ಬಸ್ಸು ಹತ್ತಿದರೆ ಒಂದೇ ದಿನದಲ್ಲಿ ಹೋಗಿಬರಬಹುದಾದ ಜಾಗ. ಪಾಸ್‌ಪೋರ್ಟ್ ಅರ್ಜಿ ಹಾಕುವ ಮುಂಚೆ ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಜವಾಬ್ದಾರಿಯನ್ನು ನಾನು ಹೊರುತ್ತೇನೆ. ದಿನಾಂಕವನ್ನು ನೀವು ಗೊತ್ತುಮಾಡಿ.